ಅಭ್ಯಾಸಲೋಪವೂ ಪುನರಾರಂಭವೂ

ಲೋಕದಲ್ಲಿ ಆರಂಭಕ್ಕೆ ಸಲ್ಲುವ ಗೌರವ ಪುನರಾರಂಭಕ್ಕೆ ಸಲ್ಲುವುದಿಲ್ಲ. ಹೊಸದಾಗಿ ಒಂದು ಸತ್ಕಾರ್ಯವನ್ನು ತೊಡಗುವವನಿಗೆ ದೀಪ ಬೆಳಗುವವರಿದ್ದಾರೆ. ನಾಲ್ಕು ಒಳ್ಳೆಯ ಮಾತನ್ನಾಡಿ ಬೆನ್ನು ತಟ್ಟುವವರಿದ್ದಾರೆ. ಆದರೆ ತೊಡಗಿದುದನ್ನು ಕೆಲಕಾಲ ನಡೆಸಿ, ಯಾವುದೋ ಕಾರಣದಿಂದ ನಡುವೆ ಬಿಟ್ಟು, ಮತ್ತೆ ಅದನ್ನೇ ಹಿಡಿಯಲು ಕೈ ಚಾಚುವವನನ್ನು ಯಾರೂ ಗಮನಿಸರು. ಗಮನಿಸಿದರೂ ಅದು ಬಹುಮಟ್ಟಿಗೆ ಕುಹಕದ ನಗೆಯೊಡನೆ. ಪ್ರಾತಃಕಾಲದ ಯೋಗಾಭ್ಯಾಸದ ವಿಷಯದಲ್ಲಂತೂ ಈ ಮಾತು ಅಕ್ಷರಶಃ ಸತ್ಯ. ಯೋಗವನ್ನು ಆರಂಭಿಸಿದವರ ಸಂಖ್ಯೆ ನಾಡಿನಲ್ಲಿ ಕಡಿಮೆಯಲ್ಲ. ಬಿಟ್ಟುದನ್ನು ಮರಳಿ ಹಿಡಿದವರ ಸಂಖ್ಯೆಯೇ ವಿರಳ. ಆರಂಭದ ವಿಧಾನವನ್ನು ಹೇಳುವ ಪುಸ್ತಕಗಳು ನೂರಾರು ಇದ್ದರೂ ಪುನರಾರಂಭದ ವಿಧಾನವನ್ನು ಬಾಯಿಬಿಟ್ಟು ಹೇಳುವವರು ಕೆಲವರೇ ಆಗಿರುವುದು ಇದಕ್ಕೆ ಒಂದು ಕಾರಣವೆನ್ನಬೇಕು.

ವಿಶ್ವಸಂಸ್ಥೆಯು 2014ರ ಡಿಸೆಂಬರ್ 11ರಂದು ನಿರ್ಣಯವನ್ನು ಅಂಗೀಕರಿಸಿದ ಮೇಲೆ, 2015ರಿಂದ ಪ್ರತಿವರ್ಷ ಜೂನ್ 21ರಂದು ಅಂತರರಾಷ್ಟ್ರೀಯ ಯೋಗದಿನವು ನಡೆಯುತ್ತಿದೆ. ಇದು ಸಂತೋಷದ ಸಂಗತಿ. ಆದರೆ ಮಲೆನಾಡಿನ ಪಂಚಾಂಗವನ್ನು ಬಲ್ಲವರು ಒಂದು ಸ್ವಾರಸ್ಯವನ್ನು ಗುರುತಿಸದೆ ಇರರು. ಆ ದಿನಾಂಕವು ಮೃಗಶಿರೆಯ ಮಳೆ ಮುಗಿದು ಆರಿದ್ರೆಯ ಮಳೆ ಹಿಡಿಯುವ ಸಂಧಿಕಾಲದಲ್ಲಿ ಬೀಳುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಸಭಾಂಗಣ ತುಂಬಿ ಸಾಮೂಹಿಕ ಯೋಗ ಮಾಡಿದವರು ಮನೆಗೆ ಹೋಗುವಷ್ಟರಲ್ಲಿ ಜಡಿಮಳೆ ಹಿಡಿದಿರುತ್ತದೆ. ಪುನರ್ವಸು, ಪುಷ್ಯ ಮಳೆಗಳು ಮುಗಿಯುವ ಹೊತ್ತಿಗೆ ಅಂದು ಹಾಸಿದ ಚಾಪೆಗಳಲ್ಲಿ ಎಷ್ಟು ಇನ್ನೂ ಬೆಳಗಿನಲ್ಲಿ ಬಿಚ್ಚಿಕೊಳ್ಳುತ್ತಿವೆ, ಎಷ್ಟು ಅಟ್ಟದ ಮೇಲೆ ಬೂಷ್ಟು ಹಿಡಿಯುತ್ತಿವೆ ಎಂಬುದನ್ನು ಮನೆಮನೆಯವರೂ ತಮ್ಮ ತಮ್ಮ ಮನಸ್ಸನ್ನೇ ಕೇಳಿಕೊಳ್ಳಬಹುದು.

ಹೀಗೆ ಬಿಟ್ಟವರನ್ನೆಲ್ಲ ಸೋಮಾರಿಗಳೆಂದು ಹಳಿಯುವುದು ಸುಲಭ. ಸುಲಭವಾದುದರಿಂದಲೇ ಅದು ನ್ಯಾಯವಾಗಲಾರದು. ಈ ಮೂರು ತಾಲ್ಲೂಕುಗಳ ಬದುಕಿನ ವರ್ಷಚಕ್ರವನ್ನು ಒಮ್ಮೆ ನೋಡಬೇಕು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಈ ವಿಷಯದಲ್ಲಿ ಅದಕ್ಕೆ ಸರಿಜೋಡಿ. ಮಳೆಗಾಲದಲ್ಲಿ ನೆಲವೆಲ್ಲ ತಂಪು, ಗೋಡೆಯೆಲ್ಲ ಒದ್ದೆ, ಬೆಳಗೆಂಬುದು ಬೆಳಗಾಗಿಯೇ ಕಾಣದು. ಆ ನಡುವೆಯೇ ಮಳೆ ಬಿಡುವು ಕೊಟ್ಟ ಗಳಿಗೆಯನ್ನು ಕಾದು, ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಸಬೇಕು. ಗದ್ದೆಯ ನಾಟಿ ಕಾಯುವುದಿಲ್ಲ. ದೀಪಾವಳಿ ಕಳೆಯುತ್ತಲೇ ಅಡಿಕೆಯ ಕೊಯ್ಲು ಬಿರುಸಾಗುತ್ತದೆ. ಕೊಯ್ದ ಹಸಿ ಅಡಿಕೆಯನ್ನು ಹಾಗೆಯೇ ಇಡುವಂತಿಲ್ಲ. ಸುಲಿಯುವವರು ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೂ ಕುಳಿತಿರುತ್ತಾರೆ. ಬೆಳಗಾದರೆ ಹಂಡೆಗೆ ಬೆಂಕಿ, ಬೇಯಿಸಿದುದನ್ನು ಬಿಸಿಲಿಗೆ ಹರವುವ ಕೆಲಸ. ಅದೇ ತಿಂಗಳುಗಳಲ್ಲಿ ಯಕ್ಷಗಾನ ಮೇಳಗಳ ತಿರುಗಾಟವೂ ಇರುತ್ತದೆ. ನಡುರಾತ್ರಿ ಕಳೆದು ಮಲಗಿದವನು ಬ್ರಾಹ್ಮೀ ಮುಹೂರ್ತದಲ್ಲಿ ಏಳಲಿಲ್ಲವೆಂದು ಆಕ್ಷೇಪಿಸುವವರು ಆತನ ಮೆಟ್ಟುಗತ್ತಿಯ ಮುಂದೆ ಒಂದು ರಾತ್ರಿ ಕುಳಿತು ನೋಡಬೇಕು.

ಇವೆಲ್ಲ ದುಡಿಮೆಯ ಕಾರಣಗಳು. ರೋಗದ ಕಾರಣ ಇವುಗಳಿಗಿಂತ ಗಂಭೀರವಾದುದು. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗುಗಳ ಮೂಲಕ ಹರಡುತ್ತ, ಚಳಿಗಾಲದಿಂದ ಬೇಸಗೆಯವರೆಗೆ ಕಾಡಂಚಿನ ಹಳ್ಳಿಗಳನ್ನು ಕಾಡುತ್ತ ಬಂದಿದೆ. 2019ರ ಆರಂಭದ ತಿಂಗಳುಗಳಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗವು ಈ ಕಾಯಿಲೆಯಿಂದ ಹಲವು ಜೀವಗಳನ್ನು ಕಳೆದುಕೊಂಡಿತು. ಬದುಕಿ ಉಳಿದವರಿಗೂ ಮೈಕೈ ನೋವು, ನಿಶ್ಶಕ್ತಿಗಳು ವಾರಗಟ್ಟಲೆ ಬಿಡುವುದಿಲ್ಲ. ಇನ್ನು ಹೆಣ್ಣುಮಕ್ಕಳ ವಿಷಯ. ಬಸಿರು, ಬಾಣಂತನ, ಹಸುಗೂಸಿನ ಪಾಲನೆಗಳಿಂದ ತಾಯಿಯಾದವಳ ಅಭ್ಯಾಸವು ವರ್ಷವೋ ಎರಡು ವರ್ಷವೋ ನಿಂತುಹೋಗುತ್ತದೆ. ಎಲ್ಲ ಲೋಪಗಳಲ್ಲಿ ಇದೇ ಅತ್ಯಂತ ದೀರ್ಘವಾದುದು. ಲೋಕವು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೂ ಇದನ್ನೇ. 2020ರ ಮಾರ್ಚಿಯಲ್ಲಿ ಕೊರೋನಾ ನಿಮಿತ್ತ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಸಾಮೂಹಿಕ ಯೋಗವರ್ಗಗಳು ನಿಂತುದನ್ನೂ, ಬಾಗಿಲು ತೆರೆದ ಮೇಲೆಯೂ ಅನೇಕರು ಮರಳಿ ಬಾರದುದನ್ನೂ ಇಲ್ಲಿಯೇ ನೆನೆಯಬೇಕು.

ಅಭ್ಯಾಸದ ನಡುವೆ ಲೋಪ ಬರುವುದೆಂಬುದು ಶಾಸ್ತ್ರಕಾರರಿಗೆ ತಿಳಿಯದ ವಿಷಯವಲ್ಲ. ಪತಂಜಲಿಯು ಯೋಗಕ್ಕೆ ಬರುವ ಅಂತರಾಯಗಳನ್ನು ಒಂಬತ್ತೆಂದು ಎಣಿಸುತ್ತಾನೆ. ಆ ಎಣಿಕೆಯಲ್ಲಿ ಮೊದಲು ಬರುವುದು ವ್ಯಾಧಿ. ಆಲಸ್ಯವು ಬರುವುದು ಐದನೆಯದಾಗಿ. ಈಗಿನ ಉಪದೇಶಕರಾದರೋ ಐದನೆಯದನ್ನೇ ಮೊದಲಿಗೆ ತಂದು, ಮೊದಲನೆಯದನ್ನು ಮರೆತೇಬಿಟ್ಟಿದ್ದಾರೆ. ಒಂಬತ್ತನೆಯದು ಅನವಸ್ಥಿತತ್ವ, ಎಂದರೆ ಒಂದು ನೆಲೆಯನ್ನು ತಲುಪಿದ ಮೇಲೂ ಅಲ್ಲಿ ನಿಲ್ಲಲಾರದೆ ಜಾರುವುದು. ಏರಿದವನೂ ಇಳಿಯಬಹುದೆಂಬುದನ್ನು ಸೂತ್ರಕಾರನೇ ಒಪ್ಪಿರುವಾಗ, ಇಳಿದವನು ನಾಚಿಕೊಂಡು ಮೂಲೆ ಸೇರುವುದಕ್ಕೆ ಕಾರಣವೇನಿದೆ? ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಈ ಪ್ರಶ್ನೆಯನ್ನೇ ಎತ್ತುತ್ತಾನೆ. ಯೋಗದ ದಾರಿಯಲ್ಲಿ ಹೊರಟು ನಡುವೆ ಜಾರಿದವನ ಗತಿಯೇನು ಎಂಬುದು ಅವನ ಕಳವಳ. ಮಾಡಿದ ಪ್ರಯತ್ನವು ವ್ಯರ್ಥವಾಗದು, ಆತನು ಹಿಂದಿನ ಸಂಸ್ಕಾರದ ಬಲದಿಂದಲೇ ಮುಂದಕ್ಕೆ ಸಾಗುವನು ಎಂಬುದು ಅಲ್ಲಿ ದೊರೆಯುವ ಉತ್ತರದ ಸಾರ. ಜನ್ಮಾಂತರದ ವಿಷಯದಲ್ಲಿ ಹೇಳಿದ ಈ ಅಭಯವು ಎರಡು ತಿಂಗಳ ಅಡಿಕೆ ಕೊಯ್ಲಿಗೆ ಅನ್ವಯಿಸದೆ ಇದ್ದೀತೆ?

ಇಲ್ಲಿ ಒಂದು ಪೂರ್ವಪಕ್ಷ ಏಳುವುದು ಸಹಜ. ಅಭ್ಯಾಸವು ದೀರ್ಘಕಾಲ, ನಿರಂತರವಾಗಿ, ಆದರದೊಡನೆ ನಡೆದರೆ ಮಾತ್ರ ದೃಢವಾಗುವುದೆಂದು ಅದೇ ಪತಂಜಲಿಯು ಹೇಳಿಲ್ಲವೇ? ನಿರಂತರವೆಂಬ ಮಾತಿಗೆ ಭಂಗ ಬಂದ ಮೇಲೆ ಉಳಿಯುವುದೇನು? ಈ ಆಕ್ಷೇಪವು ನಿರಂತರವೆಂಬ ಪದವನ್ನು ಪರಿಮಾಣದ ಅರ್ಥದಲ್ಲಿ ಗ್ರಹಿಸಿದುದರಿಂದ ಹುಟ್ಟಿದ್ದು. ನೈರಂತರ್ಯವೆಂಬುದು ದಿನದಿನಗಳ ನಡುವಣ ಸಂಬಂಧವನ್ನು ಹೇಳುವುದೇ ಹೊರತು, ಪ್ರತಿದಿನವೂ ಒಂದೇ ಅಳತೆಯ ಅಭ್ಯಾಸವಾಗಬೇಕೆಂದು ಹೇಳುವುದಿಲ್ಲ. ಕನ್ನಡ ವ್ಯಾಕರಣವನ್ನು ಓದಿದ ಬಾಲಕನೂ ಬಲ್ಲಂತೆ, ಲೋಪವೂ ಒಂದು ಸಂಧಿಯೇ. ಅಲ್ಲಿ ಒಂದು ಸ್ವರ ಬಿದ್ದುಹೋದರೂ ಪದಗಳೆರಡೂ ಕೂಡಿಯೇ ನಿಲ್ಲುತ್ತವೆ. ಅಭ್ಯಾಸದಲ್ಲಿಯೂ ಹಾಗೆಯೇ, ಬಿದ್ದುಹೋದ ದಿನಗಳ ಆಚೆಗೂ ಈಚೆಗೂ ಇರುವ ದಿನಗಳನ್ನು ಕೂಡಿಸುವ ಸಂಕಲ್ಪವಿದ್ದರೆ ಸಾಲದೆ? ಹಳೆಯ ಪಾಠಶಾಲೆಗಳಲ್ಲಿ ಪ್ರತಿಪತ್, ಅಷ್ಟಮಿಗಳಂದು ಅನಧ್ಯಯನವಿತ್ತು. ಮೈಸೂರಿನ ಪಟ್ಟಾಭಿ ಜೋಯಿಸರ ಕಠಿನವಾದ ಅಷ್ಟಾಂಗ ಪರಂಪರೆಯಲ್ಲಿಯೂ ಶನಿವಾರ, ಅಮಾವಾಸ್ಯೆ, ಹುಣ್ಣಿಮೆಗಳಂದು ಬಿಡುವುಂಟು. ಬಿಡುವನ್ನು ಬಲ್ಲ ಪರಂಪರೆಗಳೇ ಬಹುಕಾಲ ಬಾಳಿವೆ.

ಹಾಗಾದರೆ ದೋಷವಿರುವುದು ಎಲ್ಲಿ? ಬಿಟ್ಟುದರಲ್ಲಿ ಅಲ್ಲ, ಮರಳುವ ರೀತಿಯಲ್ಲಿ. ಮರಳುವವರಲ್ಲಿ ಎರಡು ತೆರನವರುಂಟು. ಒಬ್ಬನು ನಾಚಿಕೆಯಿಂದ ಕುಗ್ಗಿದವನು. ‘ಇಷ್ಟು ದಿನ ಬಿಟ್ಟಾಯಿತು, ಇನ್ನು ಯುಗಾದಿಯಿಂದ ನೋಡೋಣ’ ಎನ್ನುತ್ತ ಯುಗಾದಿಯನ್ನು ದೀಪಾವಳಿಗೂ ದೀಪಾವಳಿಯನ್ನು ಯುಗಾದಿಗೂ ತಳ್ಳುವವನು. ಮತ್ತೊಬ್ಬನು ಛಲದಿಂದ ಉಬ್ಬಿದವನು. ಬಿಟ್ಟ ತಿಂಗಳುಗಳ ಬಾಕಿಯನ್ನೆಲ್ಲ ಒಂದೇ ಬೆಳಗಿನಲ್ಲಿ ತೀರಿಸುವೆನೆಂದು ಹಳೆಯ ಆಸನಗಳೆಲ್ಲವನ್ನೂ ಹಳೆಯ ಎಣಿಕೆಯಲ್ಲಿಯೇ ಮಾಡಿ, ಮೂರನೆಯ ದಿನ ಸೊಂಟ ಹಿಡಿದುಕೊಂಡು ಮಲಗುವವನು. ಮೇಲ್ನೋಟಕ್ಕೆ ಇವರಿಬ್ಬರೂ ವಿರುದ್ಧ ಸ್ವಭಾವದವರಂತೆ ತೋರಿದರೂ ಮೂಲದಲ್ಲಿ ಇಬ್ಬರ ತಪ್ಪೂ ಒಂದೇ. ಇಬ್ಬರೂ ಇಂದಿನ ದೇಹವನ್ನು ನೋಡದೆ ಅಂದಿನ ದೇಹವನ್ನು ನೋಡುತ್ತಿದ್ದಾರೆ.

ಛಲಗಾರನಿಗೆ ಅಪಾಯವೇಕೆ ಎಂಬುದಕ್ಕೆ ದೇಹಶಾಸ್ತ್ರವು ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ವ್ಯಾಯಾಮವನ್ನು ಬಿಟ್ಟಾಗ ಮೊದಲು ಕುಂದುವುದು ದಮ್ಮು. ಕೆಲವೇ ವಾರಗಳಲ್ಲಿ ಏದುಸಿರು ಬರತೊಡಗುತ್ತದೆ. ಸ್ನಾಯುಗಳ ಬಲವು ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಒಮ್ಮೆ ಕಲಿತ ಚಲನೆಯ ಕ್ರಮವಾದರೋ ಬಹುಕಾಲದವರೆಗೂ ಮರೆತುಹೋಗುವುದಿಲ್ಲ. ಹಿಂದೆ ಅಭ್ಯಾಸ ಮಾಡಿದ ಸ್ನಾಯುವು ಹೊಸಬನ ಸ್ನಾಯುವಿಗಿಂತ ಬೇಗನೆ ಮೊದಲಿನ ಬಲಕ್ಕೆ ಬರುವುದೆಂಬುದೂ ನಿಜ. ಆದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಕಂಡರಗಳೂ ಮೂಳೆಯನ್ನು ಮೂಳೆಗೆ ಬಿಗಿಯುವ ಕಟ್ಟುಗಳೂ ಸ್ನಾಯುಗಳಷ್ಟು ಬೇಗ ಹದಗೊಳ್ಳುವುದಿಲ್ಲ. ಆದುದರಿಂದ ಮನಸ್ಸಿಗೆ ನೆನಪಿರುತ್ತದೆ, ಸ್ನಾಯುವಿಗೆ ಉತ್ಸಾಹವಿರುತ್ತದೆ, ಕೀಲುಗಳ ಕಟ್ಟು ಮಾತ್ರ ಸಿದ್ಧವಾಗಿರುವುದಿಲ್ಲ. ಪೆಟ್ಟು ಬೀಳುವುದು ಈ ವಿಷಮತೆಯಲ್ಲಿಯೇ. ಬೆಳಗಿನ ಹೊತ್ತಿಗೆ ಇನ್ನೊಂದು ವಿಶೇಷವುಂಟು. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಣ ಮೆತ್ತನೆಯ ಬಿಲ್ಲೆಗಳು ನೀರನ್ನು ಹೀರಿ ಉಬ್ಬಿರುತ್ತವೆ. ಮನುಷ್ಯನು ಸಂಜೆಗಿಂತ ಬೆಳಗ್ಗೆ ಒಂದಿಷ್ಟು ಎತ್ತರವಾಗಿರುವುದು ಇದರಿಂದಲೇ. ಆ ಸ್ಥಿತಿಯಲ್ಲಿ, ಎದ್ದ ಕೂಡಲೆ, ಪಶ್ಚಿಮೋತ್ತಾನಾಸನದಂತೆ ಮುಂದಕ್ಕೆ ಬಲವಾಗಿ ಬಾಗಿದರೆ ಬೆನ್ನಿನ ಮೇಲೆ ಬೀಳುವ ಒತ್ತಡ ಹೆಚ್ಚು. ಬೆಳಗಿನ ಅಭ್ಯಾಸಿಯು ಎದ್ದು ಸ್ವಲ್ಪ ಹೊತ್ತು ಓಡಾಡಿ, ಕೈಕಾಲು ಸಡಿಲಿಸಿ, ಮುಂದಕ್ಕೆ ಬಾಗುವ ಆಸನಗಳನ್ನು ಕೊನೆಗೆ ಇಟ್ಟುಕೊಳ್ಳುವುದು ಕ್ಷೇಮ.

ಪುನರಾರಂಭವೆಂದರೆ ಏನೆಂಬುದಕ್ಕೆ ಕನ್ನಡ ನಾಡೇ ಒಂದು ಉಜ್ಜ್ವಲವಾದ ನಿದರ್ಶನವನ್ನು ಕೊಟ್ಟಿದೆ. ಬಿ. ಕೆ. ಎಸ್. ಅಯ್ಯಂಗಾರ್ಯರು 1918ರ ಡಿಸೆಂಬರ್ 14ರಂದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದರು. ಅದು ಇನ್‌ಫ್ಲುಯೆಂಜಾ ಮಾರಿ ನಾಡನ್ನು ಮುತ್ತಿದ್ದ ಕಾಲ. ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯಗಳು ಒಂದರ ಮೇಲೊಂದು ಎರಗಿ ಆ ಹುಡುಗನನ್ನು ಎಲುಬಿನ ಗೂಡನ್ನಾಗಿ ಮಾಡಿದ್ದುವು. 1934ರಲ್ಲಿ ಮೈಸೂರಿಗೆ ಬಂದು, ತಮ್ಮ ಅಕ್ಕನ ಪತಿ ತಿರುಮಲೆ ಕೃಷ್ಣಮಾಚಾರ್ಯರಲ್ಲಿ ಯೋಗವನ್ನು ಕಲಿಯತೊಡಗಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆಯನ್ನು ನಡೆಸುತ್ತಿದ್ದ ಆ ಆಚಾರ್ಯರು ‘ಯೋಗ ಮಕರಂದ’ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ಬರೆದು 1934ರಲ್ಲಿ ಪ್ರಕಟಿಸಿದರೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯ. ಶಿಷ್ಯನು 1937ರಲ್ಲಿ ಪುಣೆಗೆ ಹೋಗಿ, ಮುಂದೆ ಲೋಕಪ್ರಸಿದ್ಧರಾದರು. ಆದರೆ 1979ರಲ್ಲಿ, ಅರವತ್ತು ತುಂಬಿದ ವಯಸ್ಸಿನಲ್ಲಿ, ಸ್ಕೂಟರ್ ಅಪಘಾತಕ್ಕೆ ಸಿಕ್ಕಿ ಅವರ ಬೆನ್ನು, ಭುಜ, ಮಂಡಿಗಳು ಪೆಟ್ಟು ತಿಂದುವು. ಜಗತ್ತಿಗೆ ಆಸನಗಳನ್ನು ಕಲಿಸಿದವರೇ ಸಾಮಾನ್ಯವಾದ ಆಸನಗಳನ್ನೂ ಮಾಡಲಾರದ ಸ್ಥಿತಿಗೆ ಬಂದರು. ಆಗ ಅವರು ಮಾಡಿದುದೇನು? ತಾವು ಹೊಸಬರಿಗೆ ಹೇಳುತ್ತಿದ್ದ ಪಾಠವನ್ನೇ ತಮಗೂ ಹೇಳಿಕೊಂಡು, ಮೊದಲ ಮೆಟ್ಟಿಲಿನಿಂದ ಹಲವು ವರ್ಷಗಳ ಕಾಲ ಅಭ್ಯಾಸವನ್ನು ಮರಳಿ ಕಟ್ಟಿದರು. ಮರದ ದಿಮ್ಮಿ, ಹಗ್ಗ, ಪಟ್ಟಿ, ಕುರ್ಚಿಗಳ ಆಸರೆಯಲ್ಲಿ ಆಸನ ಮಾಡಿಸುವ ಅವರ ಪದ್ಧತಿಯು ಅಶಕ್ತರಿಗೆ ದೊಡ್ಡ ವರವಾಗಿದೆ. 2014ರ ಆಗಸ್ಟ್ 20ರಂದು, ತೊಂಬತ್ತೈದನೆಯ ವಯಸ್ಸಿನಲ್ಲಿ ಕಣ್ಮುಚ್ಚುವ ಸನಿಹದ ವರ್ಷಗಳವರೆಗೂ ಅವರ ಅಭ್ಯಾಸ ನಡೆದಿತ್ತು. ಅಂಥವರಿಗೇ ಆಸರೆಯಾಗಿ ಹಗ್ಗ ಹಿಡಿಯುವುದು ಅವಮಾನವಾಗಲಿಲ್ಲ. ಹೀಗಿರುವಾಗ ಗೋಡೆಗೆ ಕೈಯೂರಿ ನಿಲ್ಲಲು ನಾಚುವ ಸಾಮಾನ್ಯನ ಬಿಗುಮಾನಕ್ಕೆ ಏನೆನ್ನಬೇಕು?

ಮರಳುವ ಕ್ರಮಕ್ಕೆ ಆಯುರ್ವೇದದಲ್ಲಿ ಒಂದು ಸುಂದರವಾದ ಸೂತ್ರವಿದೆ. ಅದನ್ನು ಪಾದಾಂಶಿಕ ಕ್ರಮವೆಂದು ಕರೆಯುತ್ತಾರೆ. ಚರಕನೂ ವಾಗ್ಭಟನೂ ಇದನ್ನು ಹೇಳಿದ್ದಾರೆ. ರೂಢಿಯಾದ ಅಪಥ್ಯವನ್ನು ಒಮ್ಮೆಲೇ ಬಿಡಬಾರದು, ಕಾಲುಭಾಗದಂತೆ ಬಿಡಬೇಕು. ಹಿತವಾದುದನ್ನೂ ಒಮ್ಮೆಲೇ ಹಿಡಿಯಬಾರದು, ಕಾಲುಭಾಗದಂತೆ ಹಿಡಿಯಬೇಕು. ಒಂದು ಹೆಜ್ಜೆಗೂ ಮತ್ತೊಂದು ಹೆಜ್ಜೆಗೂ ನಡುವೆ ಒಂದು, ಎರಡು, ಮೂರು ಎಂಬಂತೆ ಏರುವ ಅಂತರವನ್ನು ಕೊಡಬೇಕೆಂಬುದು ಅದರ ತಾತ್ಪರ್ಯ. ಪಂಚಕರ್ಮ ಚಿಕಿತ್ಸೆಯಾದವನಿಗೆ ಮೊದಲು ತೆಳುಗಂಜಿ, ಆಮೇಲೆ ಗಟ್ಟಿಗಂಜಿ, ಕ್ರಮೇಣ ಪೂರ್ಣಭೋಜನ ಎಂಬ ವ್ಯವಸ್ಥೆಯೂ ಇದೇ ತತ್ತ್ವವನ್ನು ಅನುಸರಿಸಿದ್ದು. ಅನ್ನಕ್ಕೆ ಸಲ್ಲುವ ಈ ನ್ಯಾಯ ಆಸನಕ್ಕೆ ಸಲ್ಲದೆ ಹೋಗದು.

ಉದಾಹರಣೆಗೆ, ಹಿಂದೆ ದಿನಕ್ಕೆ 40 ನಿಮಿಷ ಅಭ್ಯಾಸ ಮಾಡುತ್ತಿದ್ದು, 12 ಸೂರ್ಯನಮಸ್ಕಾರ, ಕೆಲವು ಆಸನ, ಪ್ರಾಣಾಯಾಮಗಳನ್ನು ನಡೆಸುತ್ತಿದ್ದ ಆರೋಗ್ಯವಂತ ಗೃಹಸ್ಥನು ಅಡಿಕೆಯ ಕೊಯ್ಲಿನಲ್ಲಿ ಮೂರು ತಿಂಗಳು ಬಿಟ್ಟನೆಂದು ಇಟ್ಟುಕೊಳ್ಳಬಹುದು. ಶಾಸ್ತ್ರದ ಎಣಿಕೆಯಲ್ಲಿ ದಿನವಿರುವಲ್ಲಿ ವಾರವನ್ನು ಇಟ್ಟುಕೊಂಡರೆ ಆತನಿಗೆ ಹೊಂದುವ ಲೆಕ್ಕ ಹೀಗಾಗುತ್ತದೆ. ಮೊದಲ ಒಂದು ವಾರ ಕಾಲುಭಾಗ: 10 ನಿಮಿಷ, ಕೀಲುಗಳ ಸಡಿಲಿಕೆ, ನಿಧಾನವಾಗಿ 3 ಸೂರ್ಯನಮಸ್ಕಾರ, ಕೊನೆಗೆ ಶವಾಸನ. ಮುಂದಿನ ಎರಡು ವಾರ ಅರ್ಧಭಾಗ: 20 ನಿಮಿಷ, 6 ನಮಸ್ಕಾರ, ತಾಡಾಸನ, ತ್ರಿಕೋನಾಸನಗಳಂತಹ ನಿಂತು ಮಾಡುವ ಆಸನಗಳು, ಸಾಮಾನ್ಯವಾದ ದೀರ್ಘ ಉಸಿರಾಟ. ಅದರ ಮುಂದಿನ ಮೂರು ವಾರ ಮುಕ್ಕಾಲು ಭಾಗ: 30 ನಿಮಿಷ, 9 ನಮಸ್ಕಾರ, ಭುಜಂಗಾಸನಾದಿಗಳು, ಕುಳಿತು ಬಾಗುವ ಆಸನಗಳು, ನಾಡೀಶುದ್ಧಿ. ಏಳನೆಯ ವಾರದಲ್ಲಿ ಪೂರ್ಣ ಪ್ರಮಾಣ. ಸರ್ವಾಂಗಾಸನ, ಶೀರ್ಷಾಸನಗಳಂತಹ ತಲೆಕೆಳಗಿನ ಆಸನಗಳಿಗೆ ಸರದಿ ಬರುವುದು ಆಗಲೇ. ಒಟ್ಟು 42 ದಿನ. ನಮ್ಮ ಹಿರಿಯರು ವ್ರತಕ್ಕೂ ಔಷಧಕ್ಕೂ ಇಟ್ಟ 48 ದಿನಗಳ ಮಂಡಲಕ್ಕೆ ಆರೇ ದಿನ ಕಡಿಮೆ. ಶವಾಸನವನ್ನು ಮಾತ್ರ ಯಾವ ಹಂತದಲ್ಲಿಯೂ ಕಾಲು, ಅರ್ಧವೆಂದು ಕತ್ತರಿಸಬಾರದು.

ಹೆಜ್ಜೆ ಏರಿಸುವ ದಿನ ಬಂತೆಂದ ಮಾತ್ರಕ್ಕೆ ಏರಿಸಲೇಬೇಕೆಂದಿಲ್ಲ. ದೇಹದ ಒಪ್ಪಿಗೆಯನ್ನು ತಿಳಿಯುವುದಕ್ಕೂ ಶಾಸ್ತ್ರದಲ್ಲಿ ಲಕ್ಷಣ ಹೇಳಿದೆ. ವ್ಯಾಯಾಮವು ಅರ್ಧಶಕ್ತಿಯಷ್ಟು ಆಗಬೇಕು. ಹಣೆಯಲ್ಲಿ, ಕಂಕುಳಲ್ಲಿ, ಕೀಲುಗಳಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಅದೂ ಚಳಿಗಾಲದಲ್ಲಿ, ವಸಂತದಲ್ಲಿ. ಉಳಿದ ಋತುಗಳಲ್ಲಿ ಅದಕ್ಕಿಂತಲೂ ಮಂದವಾಗಿರಬೇಕೆಂದು ವಾಗ್ಭಟನ ಮತ. ಆದುದರಿಂದ ಆರಿದ್ರೆಯ ಮಳೆಯಲ್ಲಿ ಅಭ್ಯಾಸವನ್ನು ಮರಳಿ ಹಿಡಿಯುವವನು ಮೇಲಿನ ಲೆಕ್ಕವನ್ನು ಇನ್ನಷ್ಟು ಸಡಿಲಿಸಿಕೊಂಡರೆ ಅದು ಸೋಮಾರಿತನವಾಗದು, ಋತುಚರ್ಯೆಯಾಗುವುದು. ತಂಪು ನೆಲದ ಮೇಲೆ ತೆಳು ಚಾಪೆಯೊಂದನ್ನೇ ಹಾಸದೆ, ಕೆಳಗೊಂದು ಕಂಬಳಿಯನ್ನೋ ಜಮಖಾನವನ್ನೋ ಹಾಸಿಕೊಳ್ಳಬೇಕು. ಪ್ರಾಣಾಯಾಮದಲ್ಲಂತೂ ಆತುರ ಸರ್ವಥಾ ಕೂಡದು. ಸಿಂಹ, ಆನೆ, ಹುಲಿಗಳನ್ನು ಪಳಗಿಸುವವನು ಎಷ್ಟು ಮೆಲ್ಲಮೆಲ್ಲನೆ ಪಳಗಿಸುವನೋ ಅಷ್ಟೇ ಮೆಲ್ಲಗೆ ಉಸಿರನ್ನು ಪಳಗಿಸಬೇಕೆಂಬುದು ಹಠಪ್ರದೀಪಿಕೆಯ ಎಚ್ಚರಿಕೆ. ಬಿಟ್ಟು ಹಿಡಿಯುವವನು ಮೊದಲ ವಾರಗಳಲ್ಲಿ ಉಸಿರನ್ನು ತಡೆಹಿಡಿಯುವ ಕುಂಭಕದ ಗೊಡವೆಗೇ ಹೋಗಬಾರದು.

ಜ್ವರದಿಂದ ಎದ್ದವರ ಮಾತು ಬೇರೆ. ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಮೊದಲ ಜ್ವರ ಬಿಟ್ಟು ಒಂದೆರಡು ವಾರ ಸುಖವಾಗಿದ್ದಂತೆ ತೋರಿ, ಮತ್ತೆ ಜ್ವರವು ಮರುಕಳಿಸಿ, ತಲೆನೋವು, ನಡುಕ, ಬುದ್ಧಿಭ್ರಮಣೆಗಳು ಕಾಣಿಸಿಕೊಳ್ಳುವುದುಂಟು. ಆ ನಡುವಣ ಸುಖವನ್ನು ಆರೋಗ್ಯವೆಂದು ಭ್ರಮಿಸಿ ಬೆವರು ಸುರಿಸಿ ಅಭ್ಯಾಸಕ್ಕೆ ಇಳಿಯುವುದು ಸಾಹಸವಲ್ಲ, ಅವಿವೇಕ. ಅಂಥವರಿಗೂ, ಬಾಣಂತಿಯರಿಗೂ, ಶಸ್ತ್ರಚಿಕಿತ್ಸೆಯಾದವರಿಗೂ, ರಕ್ತದ ಒತ್ತಡ, ಹೃದ್ರೋಗಗಳುಳ್ಳವರಿಗೂ ವೈದ್ಯರ ಅಪ್ಪಣೆಯೇ ಮೊದಲ ಆಸನ. ಕಣ್ಣಿನ ಒಳ ಒತ್ತಡ ಹೆಚ್ಚಿರುವವರು ತಲೆಕೆಳಗಿನ ಆಸನಗಳನ್ನು ಮಾಡಲೇಬಾರದು. ಯೋಗವು ಔಷಧಕ್ಕೆ ಪ್ರತಿಸ್ಪರ್ಧಿಯಲ್ಲ. ಔಷಧವು ಉಳಿಸಿಕೊಟ್ಟ ದೇಹವನ್ನು ಮರಳಿ ಹದಗೊಳಿಸುವ ಸಹಾಯಕ.

ಇನ್ನು ಕಾಲದ ವಿಷಯದಲ್ಲಿ ಸಂಪ್ರದಾಯಸ್ಥರ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಬ್ರಾಹ್ಮೀ ಮುಹೂರ್ತವೆಂದರೆ ಸೂರ್ಯೋದಯಕ್ಕೆ 96 ನಿಮಿಷ ಇರುವಾಗ ಆರಂಭವಾಗುವ 48 ನಿಮಿಷಗಳ ಕಾಲ. ಅದು ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅತಿಯಾದ ಜಾಗರಣೆಯೂ ಯೋಗಕ್ಕೆ ಶತ್ರುವೆಂದು ಗೀತೆಯೇ ಹೇಳಿರುವಾಗ, ನಿದ್ರೆಯನ್ನು ಕದ್ದು ಮುಹೂರ್ತವನ್ನು ಕೊಳ್ಳುವುದು ಲಾಭದ ವ್ಯಾಪಾರವಲ್ಲ. ಹಠಪ್ರದೀಪಿಕೆಯು ಯೋಗವನ್ನು ಕೆಡಿಸುವ ಆರು ದೋಷಗಳಲ್ಲಿ ಅತಿಯಾದ ಆಯಾಸದೊಡನೆ ನಿಯಮಾಗ್ರಹವನ್ನೂ ಎಣಿಸಿದೆ. ವ್ಯಾಖ್ಯಾನಕಾರನಾದ ಬ್ರಹ್ಮಾನಂದನು ಅದಕ್ಕೆ ಬೆಳಗಿನ ಜಾವದ ತಣ್ಣೀರ ಸ್ನಾನವನ್ನೇ ಉದಾಹರಣೆಯಾಗಿ ಕೊಡುತ್ತಾನೆ. ನಿಯಮವು ಅಭ್ಯಾಸಕ್ಕೆ ಬೇಲಿಯಾಗಿರಬೇಕೇ ಹೊರತು ಅಭ್ಯಾಸಿಯನ್ನೇ ಹೊರಗಿಡುವ ಗೋಡೆಯಾಗಬಾರದು. ಬಚ್ಚಲ ಒಲೆಗೆ ಬೆಂಕಿ ಹಾಕಿ ನೀರು ಕಾಯುವ ಹೊತ್ತೋ, ಹಾಲು ಕರೆದು ಮುಗಿದ ಹೊತ್ತೋ, ದಿನವೂ ತಪ್ಪದೆ ಬರುವ ಯಾವುದಾದರೊಂದು ಕೆಲಸಕ್ಕೆ ಅಭ್ಯಾಸವನ್ನು ಗಂಟುಹಾಕಿದರೆ ಅದು ಗಡಿಯಾರಕ್ಕಿಂತ ನಿಷ್ಠೆಯಿಂದ ನೆನಪಿಸುತ್ತದೆ.

ಈ ಮಾತಿಗೆ ಆಧುನಿಕ ಸಂಶೋಧನೆಯ ಬೆಂಬಲವೂ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿದ್ವಾಂಸರು 96 ಮಂದಿಯನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಹೊಸ ರೂಢಿಯು ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಬೇಕೆಂದು ಕಂಡರು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18 ದಿನಗಳಿಂದ 254 ದಿನಗಳವರೆಗೆ ವ್ಯತ್ಯಾಸಗೊಳ್ಳುತ್ತಿತ್ತು. ನಡುವೆ ಒಂದು ದಿನ ತಪ್ಪಿದುದರಿಂದ ರೂಢಿ ಬೆಳೆಯುವುದಕ್ಕೆ ಗಣನೀಯವಾದ ಹಾನಿಯಾಗಲಿಲ್ಲವೆಂಬುದು ಅದರ ಮುಖ್ಯವಾದ ನಿರ್ಣಯಗಳಲ್ಲೊಂದು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದು ಮೇಲೆಂದೂ, ಅಲ್ಪದಿಂದ ತೊಡಗಿ ಕ್ರಮೇಣ ಹೆಚ್ಚಿಸಬೇಕೆಂದೂ ಹೇಳಿದೆ. ತಪ್ಪಿದ ಒಂದು ದಿನಕ್ಕಾಗಿ ಮರುದಿನ ಇಮ್ಮಡಿ ಮಾಡುವ ದಂಡ ತೆರಬೇಕಾಗಿಲ್ಲ. ಮರುದಿನ ಎಂದಿನಷ್ಟನ್ನು ಮಾಡಿದರೆ ಋಣ ತೀರಿತು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬುದು ಮಳೆನಾಡಿನವರಿಗೆ ಬೇರೆಯವರು ಹೇಳಿಕೊಡಬೇಕಾದ ಗಾದೆಯಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ವಿದ್ಯಾಲಯಗಳ ಹೊಣೆಯನ್ನು ಕುರಿತು ನಾಲ್ಕು ಮಾತನ್ನಾಡದಿದ್ದರೆ ವಿಷಯ ಅಪೂರ್ಣವಾಗುತ್ತದೆ. ವಿದ್ಯಾರ್ಥಿನಿಲಯಗಳಲ್ಲಿ ಮಕ್ಕಳು ವರ್ಷವಿಡೀ ಬೆಳಗ್ಗೆ ಎದ್ದು ಅಭ್ಯಾಸ ಮಾಡುತ್ತಾರೆ. ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿ, ತೋಟ ಗುಡ್ಡ ಅಲೆದು, ಹಲಸು ಮಾವು ತಿಂದು, ಅಭ್ಯಾಸವನ್ನು ಮರೆತು ಬರುತ್ತಾರೆ. ಬಾಲ್ಯಕ್ಕೆ ಅದು ಸಹಜವೂ ಹಿತವೂ ಹೌದು. ಶಾಲೆ ತೆರೆದ ಮರುದಿನವೇ ಅವರನ್ನು ಸಾಲುನಿಲ್ಲಿಸಿ ಹಳೆಯ ಎಣಿಕೆಯ ನಮಸ್ಕಾರಗಳನ್ನು ಮಾಡಿಸುವುದೂ, ಏದುಸಿರು ಬಿಟ್ಟವನನ್ನು ಎಲ್ಲರೆದುರು ಹಂಗಿಸುವುದೂ, ತಡವಾಗಿ ಎದ್ದವನಿಗೆ ಶಿಕ್ಷೆಯಾಗಿ ಆಸನ ಹಾಕಿಸುವುದೂ ಸರ್ವಥಾ ಅನುಚಿತ. ಶಿಕ್ಷೆಯಾಗಿ ಕಲಿತುದನ್ನು ಬಾಲಕನು ಬಿಡುಗಡೆಯಾದ ದಿನವೇ ಬಿಟ್ಟುಬಿಡುತ್ತಾನೆ. ಪರೀಕ್ಷೆಯ ಅಂಕಗಳಿಗಿಂತ ಹೆಚ್ಚುಕಾಲ ಆತನ ಜೊತೆಗಿರಬೇಕಾಗಿದ್ದ ಒಂದು ಸಂಪತ್ತನ್ನು, ಆತುರ ಮತ್ತು ಅವಮಾನಗಳ ಮೂಲಕ, ಹಿರಿಯರೇ ಕಸಿದುಕೊಂಡಂತಾಗುತ್ತದೆ. ಜೂನ್ ತಿಂಗಳ ಮೊದಲ ವಾರಗಳನ್ನು ಕಾಲುಭಾಗದ ಅಭ್ಯಾಸಕ್ಕೆಂದೇ ಮೀಸಲಿಟ್ಟು, ಬಿಟ್ಟುದನ್ನು ಹಿಡಿಯುವುದು ಹೇಗೆಂಬುದನ್ನೇ ಒಂದು ಪಾಠವನ್ನಾಗಿ ಕಲಿಸಿದರೆ, ಆ ಪಾಠವು ಯೋಗದಲ್ಲಿ ಮಾತ್ರವಲ್ಲ, ಓದಿನಲ್ಲಿ, ಉದ್ಯೋಗದಲ್ಲಿ, ಸಂಸಾರದಲ್ಲಿ ಬರುವ ಎಲ್ಲ ಮುಗ್ಗರಿಕೆಗಳಲ್ಲಿಯೂ ಕೈಹಿಡಿಯುತ್ತದೆ.

ರಥಸಪ್ತಮಿಯಂದು ನಾಡಿನ ಅನೇಕ ಕಡೆಗಳಲ್ಲಿ ನಡೆಯುವ 108 ಸೂರ್ಯನಮಸ್ಕಾರಗಳ ಕಾರ್ಯಕ್ರಮವನ್ನೂ ಈ ದೃಷ್ಟಿಯಿಂದ ವಿಮರ್ಶಿಸಬೇಕು. ವರ್ಷವಿಡೀ ನಮಸ್ಕಾರ ಮಾಡಿದವರಿಗೆ ಅದು ಹಬ್ಬ. ವರ್ಷವಿಡೀ ಬಿಟ್ಟು ಅಂದೊಂದು ದಿನ ಮಾಡುವವರಿಗೆ ಅದು ಒಂದು ವಾರದ ಮೈಕೈನೋವು, ಮುಂದಿನ ಒಂದು ವರ್ಷದ ವೈರಾಗ್ಯ! ಮೂರು ನಮಸ್ಕಾರಗಳನ್ನು 36 ದಿನ ಮಾಡಿದರೂ ಮೊತ್ತ 108ಎಯೇ ಆಗುತ್ತದೆ. ಮೊತ್ತ ಒಂದೇ ಆದರೂ ಫಲದಲ್ಲಿ ಎಷ್ಟು ಅಂತರವೆಂಬುದನ್ನು ಮಾಡಿ ನೋಡಿದವರೇ ಬಲ್ಲರು. ಮಲ್ಲಾಡಿಹಳ್ಳಿಯ ಅನಾಥ ಸೇವಾಶ್ರಮದ ರಾಘವೇಂದ್ರ ಸ್ವಾಮೀಜಿಯವರು, ‘ತಿರುಕ’ರೆಂಬ ಹೆಸರಿನಿಂದ ಬರೆಯುತ್ತಿದ್ದ ಆ ಕರ್ಮಯೋಗಿ, ಊರೂರು ತಿರುಗಿ ಯೋಗವನ್ನು ಕಲಿಸಿದುದು ಅದು ಮನೆಮನೆಯ ನಿತ್ಯಕರ್ಮವಾಗಲಿ ಎಂದಲ್ಲದೆ, ಒಂದು ದಿನದ ಪ್ರದರ್ಶನವಾಗಲಿ ಎಂದಲ್ಲ.

ಅಡಿಕೆಯ ತೋಟವನ್ನು ಒಂದು ವರ್ಷ ನೋಡದೆ ಬಿಟ್ಟವನು ಮರುವರ್ಷ ಅದನ್ನು ಕಡಿದು ಹಾಕುವುದಿಲ್ಲ. ಒಂದೇ ದಿನದಲ್ಲಿ ಮೂರು ವರ್ಷದ ಗೊಬ್ಬರವನ್ನು ಸುರಿಯುವುದೂ ಇಲ್ಲ. ಬಸಿಗಾಲುವೆಯ ಹೂಳು ತೆಗೆಯುತ್ತಾನೆ, ಕಳೆ ಸವರುತ್ತಾನೆ, ಸೊಪ್ಪು ಗೊಬ್ಬರಗಳನ್ನು ಹದವರಿತು ಕೊಡುತ್ತಾನೆ, ಮರ ಚೇತರಿಸಿಕೊಳ್ಳಲು ಕಾಯುತ್ತಾನೆ. ತೋಟಕ್ಕೆ ತೋರುವ ಈ ತಾಳ್ಮೆಯನ್ನು ಮಲೆನಾಡಿನ ಗೃಹಸ್ಥನು ತನ್ನ ದೇಹಕ್ಕೂ ತೋರಿದರೆ ಸಾಕು. ಯುಗಾದಿಗಾಗಲಿ ಜೂನ್ 21ಕ್ಕಾಗಲಿ ಕಾಯಬೇಕಾದುದಿಲ್ಲ. ನಾಳೆಯ ಬೆಳಗು, ಹತ್ತು ನಿಮಿಷ, ಮೂರು ನಮಸ್ಕಾರ: ಇಷ್ಟರಿಂದಲೇ ಪುನರಾರಂಭವಾಗಲಿ. ಮತ್ತೆ ಲೋಪವಾದರೆ ಮತ್ತೆ ಕಾಲುಭಾಗದಿಂದ ತೊಡಗಲಿ. ಮರಳಿ ತೊಡಗುವ ಧೈರ್ಯವು ಎಲ್ಲ ವಾಚಕರಿಗೂ, ವಿಶೇಷವಾಗಿ ವಿದ್ಯಾರ್ಥಿಗಳಿಗೂ, ಜೀವಮಾನವಿಡೀ ಉಳಿಯುವ ಅಭ್ಯಾಸವಾಗಲಿ.